ಒಡ್ಡಿನ ನ್ಯಾಯ

(ಬೈಲಹೊಂಗಲದಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ನಮ್ಮ ಕಡೆ ‘ನ್ಯಾಯ’ ಎಂಬ ಮಾತಿಗೆ ಎರಡು ಅರ್ಥ. ‘ಅಣ್ಣತಮ್ಮರಾಗ ನ್ಯಾಯ ಬಿದ್ದೈತಿ’ ಎಂದರೆ ಜಗಳ ಬಿದ್ದಿದೆ ಎಂದು. ‘ಹಿರ್ಯಾರು ಕುಂತು ನ್ಯಾಯ ಬಗಿಹರಿಸಿದ್ರು’ ಎಂದರೆ ಜಗಳ ತೀರಿತು ಎಂದು. ರೋಗಕ್ಕೂ ಮದ್ದಿಗೂ ಒಂದೇ ಹೆಸರಿಟ್ಟ ಹಾಗೆ ಇದು. ಇನ್ನೊಂದು ಮಾತು ‘ದೈವ’. ‘ಇವತ್ತ ದೈವ ಕೂಡತೈತಿ’ ಎಂದು ವಾಲೀಕಾರ ಓಣಿಯಲ್ಲಿ ಸಾರಿ ಹೋದರೆ ಅದು ಗುಡಿಯೊಳಗಿನ ದೇವರಲ್ಲ. ಗುಡಿಯ ಕಟ್ಟೆಯ ಮೇಲೆ ಕೂಡುವ ಊರ ಜನ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕುಗಳ ಹಳ್ಳಿಗಳಲ್ಲಿ ನಾನು ಚಿಕ್ಕಂದಿನಿಂದ ಕೇಳಿದ ಮಾತುಗಳಿವು. ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುತ್ತಾ ಬಂದ ಹಾಗೆ, ಈ ಎರಡು ಮಾತುಗಳನ್ನು ಬಿಡಿಸಿಕೊಳ್ಳುವುದೇ ನನ್ನ ಕೆಲಸ ಅನ್ನಿಸತೊಡಗಿತು. ಇವತ್ತಿನ ಉಪನ್ಯಾಸ ಅದರದ್ದೇ.

ಊರ ಹೆಸರು ಹೇಳದೆ ಒಂದು ಜಗಳದಿಂದ ಶುರು ಮಾಡುತ್ತೇನೆ. ಮಲಪ್ರಭೆಯ ದಂಡೆಗೆ ಹತ್ತಿರದ ಎರಿ ಹೊಲ. ದೊಡ್ಡಪ್ಪನ ಮಗ ಮತ್ತು ಚಿಕ್ಕಪ್ಪನ ಮಗ, ಇಬ್ಬರ ಹೊಲದ ನಡುವೆ ಒಂದು ಒಡ್ಡು. ಒಡ್ಡಿನ ಮೇಲೆ ಒಂದು ಬನ್ನಿಗಿಡ. ಎತ್ತಿನ ಬೇಸಾಯ ಇದ್ದಷ್ಟು ದಿನ ಒಡ್ಡು ಒಡ್ಡಾಗಿಯೇ ಇತ್ತು, ಏಕೆಂದರೆ ಎತ್ತು ಒಡ್ಡಿನ ಹತ್ತಿರ ತಾನೇ ತಿರುಗುತ್ತದೆ. ಟ್ರ್ಯಾಕ್ಟರ್ ಬಂದ ಮೇಲೆ ವರ್ಷಕ್ಕೆ ಒಂದು ಗೇಣು, ಎರಡು ಗೇಣು ಒಡ್ಡು ಸವೆಯಿತು. ಯಾರು ಸವೆಸಿದರು ಎಂದು ಹೇಳುವುದು ಕಷ್ಟ, ಎರಡೂ ಕಡೆಯಿಂದ ಸವೆದಿತ್ತು. ಒಂದು ಮುಂಗಾರಿನಲ್ಲಿ ಕಿರಿಯವನು ಹೊಸದಾಗಿ ಒಡ್ಡು ಹಾಕಿಸಿದ. ಬನ್ನಿಗಿಡ ಅವನ ಹೊಲದ ಒಳಗೆ ಹೋಯಿತು. ನ್ಯಾಯ ಬಿತ್ತು.

ಆ ಸಂಜೆ ಬಸವಣ್ಣನ ಗುಡಿಯ ಕಟ್ಟೆಯಲ್ಲಿ ದೈವ ಕೂಡಿದಾಗ ನಾನು ನೋಟ್‌ಬುಕ್ ಹಿಡಿದು ಒಂದು ಮೂಲೆಯಲ್ಲಿದ್ದೆ. ಮೊದಲ ಒಂದು ತಾಸು ಒಡ್ಡಿನ ಸುದ್ದಿಯೇ ಇಲ್ಲ. ಮಳೆ ಹಿಂದಾದದ್ದು, ಸೋಯಾದ ದರ, ಯಾರದೋ ಮಗಳ ಮದುವೆ. ಆಮೇಲೆ ಹಿರಿಯರೊಬ್ಬರು ಕಿರಿಯವನನ್ನು ಕೇಳಿದರು: ‘ತಮ್ಮಾ, ನಿಮ್ಮಪ್ಪ ತೀರಿದ ದಿನ ಹೆಗಲು ಕೊಟ್ಟವ್ರು ಯಾರು?’ ಕೇಳಿದ್ದು ಒಡ್ಡಿನ ಬಗ್ಗೆ ಅಲ್ಲ. ಆದರೆ ಒಡ್ಡಿನ ಮಾತು ಶುರುವಾದದ್ದೇ ಅಲ್ಲಿಂದ. ಆಮೇಲೆ ಒಂದೊಂದಾಗಿ ಹೊರಬಂದವು: ಬಾವಿಯ ಪಾಳಿ ತಪ್ಪಿಸಿದ್ದು, ಹಂಗಾಮಿನಲ್ಲಿ ಕೊಟ್ಟ ಎತ್ತು ಕುಂಟಾಗಿ ಬಂದದ್ದು, ಒಂದು ಮದುವೆಗೆ ಅಕ್ಷತೆಯ ಕರೆ ಹೋಗದೆ ಇದ್ದದ್ದು. ಹೆಣ್ಣುಮಕ್ಕಳು ಗುಡಿಯ ಗೋಡೆಯ ಆಚೆ ನಿಂತು ಕೇಳುತ್ತಿದ್ದರು. ಅವರ ಕಡೆಯಿಂದ ಒಮ್ಮೆ ಒಂದು ದನಿ ಎದ್ದು, ಅಲ್ಲೇ ಇಳಿಯಿತು. ಏನು ಹೇಳಿದರೆಂದು ನನಗೆ ಕೇಳಲಿಲ್ಲ. ನನ್ನ ಪುಸ್ತಕದಲ್ಲಿ ಆ ಜಾಗ ಇವತ್ತಿಗೂ ಖಾಲಿ ಇದೆ.

ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ, ಬರೆದಿಡುವ ವಿಷಯಕ್ಕೆ ಬರುತ್ತೇನೆ. ನಮ್ಮ ಸರ್ವೇ ಇಲಾಖೆಯಲ್ಲಿ ‘ಟಿಪ್ಪಣಿ’ ಎಂದರೆ ಹೊಲವನ್ನು ಅಳೆದು ಬರೆದ ಚಿತ್ರ. ಮುಂಬಯಿ ಇಲಾಖೆಯ ಕಾಲದಲ್ಲಿ, 1847ರಲ್ಲಿ ನಿಯಮಗಳಾಗಿ ರೂಪುಗೊಂಡ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟರ ಮೋಜಣಿ ಪದ್ಧತಿಯ ಬೆನ್ನಿಗೆ ಬೆಳೆದ ದಾಖಲೆಗಳಿವು: ಟಿಪ್ಪಣಿ, ಪಕ್ಕಾ ಪುಸ್ತಕ, ಆಕಾರಬಂದು. 33 ಅಡಿಯ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಸೇರಿದರೆ ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ಗುಂಟೆಯ ಹದಿನಾರನೆಯ ಪಾಲು ಒಂದು ಆಣೆ. ಈಗ ಸರಪಳಿ ಹೋಗಿ ಯಂತ್ರ ಬಂದಿದೆ, ಉತಾರ, ಅಂದರೆ ಪಹಣಿ, ಕಂಪ್ಯೂಟರಿನಲ್ಲಿ ಸಿಗುತ್ತದೆ. ಆದರೂ ಬಾಂದಗಲ್ಲಿನ ತಕರಾರು ಬಂದಾಗ ಇವತ್ತಿಗೂ ‘ಟಿಪ್ಪಣಿ ತೆಗಸ್ರಿ’ ಎನ್ನುತ್ತಾರೆ. ಆ ಹಳೆಯ ಹಾಳೆಯ ಮೇಲಿನ ಗೆರೆಗೆ ಅಷ್ಟು ಬೆಲೆ.

ಇನ್ನೊಂದು ಟಿಪ್ಪಣಿ ಇದೆ. ಮಾನವಶಾಸ್ತ್ರಜ್ಞರು ಹಳ್ಳಿಯಲ್ಲಿ ಕೂತು ಬರೆದುಕೊಳ್ಳುವುದು. ಅದನ್ನೂ ಕನ್ನಡದಲ್ಲಿ ಕ್ಷೇತ್ರ ಟಿಪ್ಪಣಿ ಎನ್ನುತ್ತೇವೆ. ಮೊದಲನೆಯದು ಹೊಲ ಎಲ್ಲಿಗೆ ಮುಗಿಯಿತು ಎಂದು ಬರೆಯುತ್ತದೆ. ಎರಡನೆಯದು ಹೊಲ ಕಳೆದುಕೊಂಡವನು ಏನಂದ ಎಂದು ಬರೆಯುತ್ತದೆ. ನನ್ನ ಅಹವಾಲು ಇಷ್ಟೇ: ಈ ನಾಡಿನಲ್ಲಿ ಮೊದಲನೆಯ ಟಿಪ್ಪಣಿ ಕಪಾಟು ತುಂಬ ಇದೆ, ಎರಡನೆಯದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಕೋರ್ಟು ತೀರ್ಪನ್ನು ಇಟ್ಟುಕೊಳ್ಳುತ್ತದೆ. ದೈವ ಬಹಳವೆಂದರೆ ನಾಲ್ಕು ಸಾಲಿನ ರಾಜಿಪತ್ರ ಬರೆಸುತ್ತದೆ. ಸೋತವರ ಮಾತು ಎರಡೂ ಕಡೆ ಉಳಿಯುವುದಿಲ್ಲ.

ಇದಕ್ಕೆ ನಮ್ಮ ನೆಲದ ದೊಡ್ಡ ಉದಾಹರಣೆ ಕಿತ್ತೂರು. ಕಿತ್ತೂರನ್ನು ನಾವು ಯುದ್ಧವಾಗಿ ನೆನೆಯುತ್ತೇವೆ, ನೆನೆಯಬೇಕಾದದ್ದೇ. ಆದರೆ ಅದು ಮೊದಲು ಒಂದು ದತ್ತಕದ ವ್ಯಾಜ್ಯ. 1824ರ ಸೆಪ್ಟೆಂಬರ್ ಎರಡನೆಯ ವಾರದಲ್ಲಿ ಶಿವಲಿಂಗರುದ್ರಸರ್ಜ ದೇಸಾಯಿ ತೀರಿಕೊಂಡರು. ಶಿವಲಿಂಗಪ್ಪ ಎಂಬ ಹುಡುಗನನ್ನು ದತ್ತು ತೆಗೆದುಕೊಂಡ ಪತ್ರ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆಯ ಕೈಸೇರುವ ಹೊತ್ತಿಗೆ ದೇಸಾಯಿ ಇರಲಿಲ್ಲ. ಸಹಿ ದೇಸಾಯಿಯದೇ ಅಲ್ಲವೆಂದು ಥ್ಯಾಕರೆಗೆ ಅನುಮಾನ. ಕಾಯಿಲೆಯ ಮನುಷ್ಯ ಆ ಹೊತ್ತಿನಲ್ಲಿ ಸಹಿ ಮಾಡುವ ಸ್ಥಿತಿಯಲ್ಲಿದ್ದನೇ, ಮೇಲಿನ ಸರಕಾರದ ಒಪ್ಪಿಗೆ ಇಲ್ಲದೆ ಸಂಸ್ಥಾನಕ್ಕೆ ದತ್ತು ನಡೆಯುತ್ತದೆಯೇ, ಹೀಗೆ ಪ್ರಶ್ನೆಗಳು. ಅತ್ತ ರಾಣಿ ಚೆನ್ನಮ್ಮ ಡೆಕ್ಕನ್ ಕಮಿಷನರ್ ಚಾಪ್ಲಿನ್‌ಗೂ ಮುಂಬಯಿ ಗವರ್ನರ್ ಎಲ್ಫಿನ್‌ಸ್ಟನ್‌ಗೂ ಪತ್ರ ಬರೆಸಿದರು. ಅಕ್ಟೋಬರ್ 23ರಂದು ಕಿತ್ತೂರ ಕೋಟೆಯ ಮುಂದೆ ಥ್ಯಾಕರೆ ಸತ್ತ. ಅದಕ್ಕೆ ಮುಂಚಿನ ಸುಮಾರು ಆರು ವಾರ ಅದು ಕಾಗದದ ಮೇಲಿನ ಜಗಳವಾಗಿಯೇ ಇತ್ತು. ಸಹಿ, ದಿನಾಂಕ, ಸಾಕ್ಷಿ, ಮೊಹರು, ಖಜಾನೆಗೆ ಬೀಗ. ನಮ್ಮ ಮನೆಗಳ ವಾಟ್ನಿಯ, ಅಂದರೆ ಆಸ್ತಿ ಪಾಲಿನ, ಜಗಳದಲ್ಲಿ ಕೇಳುವ ಮಾತುಗಳೇ.

ಡಿಸೆಂಬರ್ ಮೊದಲ ವಾರದಲ್ಲಿ ಕೋಟೆ ಬಿತ್ತು. ಚೆನ್ನಮ್ಮನವರನ್ನು ಇದೇ ಬೈಲಹೊಂಗಲದ ಕೋಟೆಗೆ ತಂದಿಟ್ಟರು. 1829ರ ಫೆಬ್ರುವರಿಯಲ್ಲಿ ಇಲ್ಲಿಯೇ ಅವರು ತೀರಿಕೊಂಡರು. ಆ ಸಮಾಧಿಯ ಊರಿನಲ್ಲಿ ನಿಂತು ಮಾತನಾಡುವಾಗ ನನ್ನನ್ನು ಕಾಡುವುದು ಒಂದು ಇಸವಿ. 1827. ಆ ವರ್ಷ ಮುಂಬಯಿಯಲ್ಲಿ ಆರ್ಥರ್ ಸ್ಟೀಲ್ ಎಂಬ ಅಧಿಕಾರಿಯ ಒಂದು ದೊಡ್ಡ ಸಂಗ್ರಹ ಅಚ್ಚಾಯಿತು: ಡೆಕ್ಕನ್ ಪ್ರಾಂತಗಳ ಹಿಂದೂ ಜಾತಿಗಳ ಕಾನೂನು ಮತ್ತು ರೂಢಿ. ಮದುವೆ, ಪಾಲು, ಸಾಲ, ದತ್ತಕ, ಎಲ್ಲದರ ಬಗ್ಗೆಯೂ ಶಾಸ್ತ್ರಿಗಳನ್ನು, ಜಾತಿಯ ಮುಖಂಡರನ್ನು ಕೇಳಿ ಬರೆದದ್ದು. ಅದನ್ನು ಮಾಡಿಸಿದವರು ಅದೇ ಎಲ್ಫಿನ್‌ಸ್ಟನ್. ಪೇಶ್ವೆಯ ರಾಜ್ಯ ಕೈಗೆ ಬಂದ ಮೇಲೆ 1819ರಲ್ಲಿ ಬರೆದ ವರದಿಯಲ್ಲಿ ಪಂಚಾಯತಿಯ ಕುಂದುಗಳನ್ನೆಲ್ಲ ಎಣಿಸಿ, ಆದರೂ ಅದನ್ನು ಉಳಿಸಿಕೊಳ್ಳಬೇಕು ಎಂದವರು ಅವರು. ಅದೇ 1827ರ ಮುಂಬಯಿ ರೆಗ್ಯುಲೇಶನ್‌ಗಳಲ್ಲಿ, ಬರೆದ ಕಾಯ್ದೆ ಇಲ್ಲದ ಕಡೆ ದೇಶದ ರೂಢಿಯನ್ನು ನೋಡಿ ತೀರ್ಪು ಕೊಡಿ, ರೂಢಿಯೂ ಇಲ್ಲದಿದ್ದರೆ ಪ್ರತಿವಾದಿಯ ಧರ್ಮದ ಕಾನೂನನ್ನು ನೋಡಿ ಎಂದು ಕೋರ್ಟುಗಳಿಗೆ ಹೇಳಲಾಯಿತು. ಈ ಮಣ್ಣಿನ ದತ್ತಕದ ರೂಢಿ ಏನು ಎಂದು ಮುಂಬಯಿಯಲ್ಲಿ ಅಚ್ಚು ಹಾಕುತ್ತಿದ್ದ ಹೊತ್ತಿಗೆ, ಅದೇ ರೂಢಿಯ ಮೇಲೆ ಹಕ್ಕು ಹೇಳಿ ಸೋತ ಹೆಣ್ಣುಮಗಳು ಬೈಲಹೊಂಗಲದ ಕೋಟೆಯೊಳಗಿದ್ದರು. ಅವರನ್ನು ಯಾರೂ ಕೇಳಲಿಲ್ಲ.

ನಲವತ್ತು ವರ್ಷ ಕಳೆದ ಮೇಲೆ, 1868ರಲ್ಲಿ, ಮುಂಬಯಿ ಹೈಕೋರ್ಟು ರಖಮಾಬಾಯಿ ಮತ್ತು ರಾಧಾಬಾಯಿಯರ ಮೊಕದ್ದಮೆಯಲ್ಲಿ, ಗಂಡನ ಅಪ್ಪಣೆ ಇಲ್ಲದೆಯೂ ಈ ಸೀಮೆಯ ವಿಧವೆ ದತ್ತು ತೆಗೆದುಕೊಳ್ಳಬಹುದು ಎಂದು ಒಪ್ಪಿತು. ಸಂಸ್ಥಾನದ ಉತ್ತರಾಧಿಕಾರ ಬೇರೆ ಮಾತು, ಅಲ್ಲಿ ಕೋರ್ಟಿಗಿಂತ ರಾಜಕಾರಣ ದೊಡ್ಡದು. ಅದನ್ನು ನಾನು ಬೆರೆಸುವುದಿಲ್ಲ. ಆದರೂ ಹೆಂಗಸಿನ ಕೈಯಲ್ಲಿ ದತ್ತಕ ನಡೆಯುತ್ತದೆ ಎಂಬ ಮಾತನ್ನು ಕಾನೂನು ಒಪ್ಪಿಕೊಂಡದ್ದು ಎಷ್ಟು ತಡವಾಗಿ ಎಂಬುದನ್ನು ಗಮನಿಸಬೇಕು.

ಸಂಗೊಳ್ಳಿ ರಾಯಣ್ಣನ ವಿಷಯವೂ ಹೀಗೆಯೇ. ರಾಯಣ್ಣ ಶೇತಸನದಿ, ಅಂದರೆ ಊರ ಕಾವಲಿನ ಚಾಕರಿಗೆ ಪ್ರತಿಯಾಗಿ ಹೊಲ ಉಣ್ಣುವ ಸನದು ಇದ್ದವನು. ಕಿತ್ತೂರು ಹೋದ ಮೇಲೆ ಅಂಥ ಹೊಲಗಳ ಮೇಲೆ ಹೊಸ ಸರಕಾರದ ಕೈ ಬಿತ್ತು. ಬಂಡೆದ್ದ ರಾಯಣ್ಣನ ದಂಡು ಬೀಡಿಯ ಕಚೇರಿಗೆ ಬೆಂಕಿ ಇಟ್ಟಿತು. ಲಾವಣಿಗಳು ಅದನ್ನು ಶೌರ್ಯವೆಂದು ಹಾಡುತ್ತವೆ. ಹೊಲ ಕಳೆದುಕೊಂಡ ಕುಳಕ್ಕೆ ಕಚೇರಿ ಎಂದರೆ ಏನೆಂಬುದನ್ನು ಬಲ್ಲ ನನಗೆ ಅದು ತಕರಾರು ಅರ್ಜಿಯ ಹಾಗೆಯೂ ಕಾಣುತ್ತದೆ. ಬೇರೆ ಯಾವ ಅರ್ಜಿಗೂ ಕಚೇರಿಯಲ್ಲಿ ಜಾಗ ಇರಲಿಲ್ಲ. 1831ರ ಜನವರಿಯಲ್ಲಿ ನಂದಗಡದಲ್ಲಿ ರಾಯಣ್ಣನನ್ನು ಗಲ್ಲಿಗೇರಿಸಿದರು.

ರಾಮದುರ್ಗದ ಕಡೆಗೆ ಬಂದರೆ ಸುರೇಬಾನ. ನರಗುಂದದ ಬಾಬಾಸಾಹೇಬ ಭಾವೆ ದತ್ತಕಕ್ಕೆ ಕೇಳಿದ ಅನುಮತಿ ಸಿಗಲಿಲ್ಲ. 1852ರ ಇನಾಂ ಕಾಯ್ದೆಯ ವಿಚಾರಣೆಗಳಿಂದ ಈ ಸೀಮೆಯ ಇನಾಂದಾರರು ಆಗಲೇ ಕುದಿಯುತ್ತಿದ್ದರು. 1858ರ ಮೇ ತಿಂಗಳ ಕೊನೆಯಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಸುರೇಬಾನದಲ್ಲಿ ಹತನಾದ. ಜೂನ್ 12ರಂದು ಬೆಳಗಾವಿಯಲ್ಲಿ ಬಾಬಾಸಾಹೇಬರಿಗೆ ಗಲ್ಲು. ಕಿತ್ತೂರು ಮತ್ತು ನರಗುಂದ, ಮೂವತ್ತನಾಲ್ಕು ವರ್ಷದ ಅಂತರದಲ್ಲಿ ಎರಡು ಬಂಡಾಯ, ಎರಡಕ್ಕೂ ಬೇರಿನಲ್ಲಿ ದತ್ತಕ.

ಈಗ ದಕ್ಷಿಣಕ್ಕೆ ಒಮ್ಮೆ ಹೋಗಿ ಬರೋಣ. ಹಳ್ಳಿಯ ಜಗಳಗಳನ್ನು ಕೂತು ಬರೆದುಕೊಳ್ಳಬೇಕು ಎಂದು ಕರ್ನಾಟಕದಲ್ಲಿ ಮೊದಲು ಗಟ್ಟಿಯಾಗಿ ಹೇಳಿದವರು ಮೈಸೂರಿನ ಎಂ.ಎನ್. ಶ್ರೀನಿವಾಸ್. 1948ರಲ್ಲಿ ಅವರು ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿ ಉಳಿದರು, ಅದಕ್ಕೆ ರಾಂಪುರ ಎಂದು ಬದಲು ಹೆಸರಿಟ್ಟರು. ನಾನು ಊರ ಹೆಸರು ಹೇಳದಿರುವುದು ಅವರಿಂದ ಕಲಿತದ್ದು. ಮಡಿವಾಳರ ಜಾತಿ ವ್ಯಾಜ್ಯದ ಬಗ್ಗೆ 1954ರಲ್ಲಿ, ಕುಂಬಾರ ಮತ್ತು ಪೂಜಾರಿಯ ನಡುವಿನ ವ್ಯಾಜ್ಯದ ಬಗ್ಗೆ 1959ರಲ್ಲಿ ಬರೆದರು. ಸುಮ್ಮನೆ ಹೋಗಿ ‘ನಿಮ್ಮ ರೂಢಿ ಏನು’ ಎಂದು ಕೇಳಿದರೆ ಹಳ್ಳಿಯವರು ಹೇಗಿರಬೇಕು ಎಂಬುದನ್ನು ಹೇಳುತ್ತಾರೆ. ಜಗಳ ಬಿದ್ದಾಗ ಹೇಗಿದೆ ಎಂಬುದು ಹೊರಗೆ ಬೀಳುತ್ತದೆ. ಹಳೆಯ ಉದಾಹರಣೆಗಳು, ಮುಚ್ಚಿಟ್ಟ ನಂಟು, ಯಾರಿಗೆ ಯಾರು ಸಾಲಗಾರರು ಎಂಬುದು, ಎಲ್ಲವೂ. ಸ್ಟೀಲ್ ಕೇಳಿದ್ದು ಮೊದಲ ಬಗೆಯ ಪ್ರಶ್ನೆ. ಶ್ರೀನಿವಾಸ್ ಕಿವಿ ಕೊಟ್ಟದ್ದು ಎರಡನೆಯದಕ್ಕೆ.

1970ರ ಏಪ್ರಿಲ್ 24ರಂದು ಅಮೆರಿಕದ ಸ್ಟಾನ್‌ಫರ್ಡ್‌ನಲ್ಲಿ ಶ್ರೀನಿವಾಸ್ ಕೆಲಸ ಮಾಡುತ್ತಿದ್ದ ಕೇಂದ್ರಕ್ಕೆ ಯಾರೋ ಬೆಂಕಿ ಹಚ್ಚಿದರು. ವರ್ಷಗಟ್ಟಲೆ ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿ ಅಲ್ಲೇ ಇದ್ದವು, ಮೂರೂ ಸುಟ್ಟವು. ಆಮೇಲೆ ನೆನಪಿನಿಂದ ಬರೆದ ಪುಸ್ತಕವೇ 1976ರ ‘ದಿ ರಿಮೆಂಬರ್ಡ್ ವಿಲೇಜ್’. ಅದನ್ನು ನಾನು ವಿದ್ಯಾರ್ಥಿಗಳಿಗೆ ಹಲವು ವರ್ಷ ಓದಿಸಿದ್ದೇನೆ. ಅದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಂಡದ್ದು ಒಂದು ಪ್ರಾಮಾಣಿಕ ಒಪ್ಪಿಗೆ: ತಾನು ಊರ ಗೌಡನ ಆಶ್ರಯದಲ್ಲಿದ್ದ ಬ್ರಾಹ್ಮಣ, ಹಾಗಾಗಿ ಊರು ತನಗೆ ಕಂಡದ್ದು ಮೇಲಿನವರ ಕಡೆಯಿಂದ, ದಲಿತರ ಕೇರಿಯ ಜೊತೆ ಒಡನಾಟ ಸಾಲದಾಯಿತು. ಟಿಪ್ಪಣಿ ಬರೆಯುವವನು ಎಲ್ಲಿ ಕೂತಿದ್ದಾನೆ ಎಂಬುದರ ಮೇಲೆ ಯಾರ ಮಾತು ಕೇಳಿಸುತ್ತದೆ ಎಂಬುದು ನಿಂತಿದೆ. ಗುಡಿಯ ಗೋಡೆಯ ಆಚೆಯ ಆ ದನಿ ನನಗೆ ಕೇಳದಿದ್ದುದಕ್ಕೂ ಕಾರಣ ಅದೇ. ನಾನು ಕಟ್ಟೆಯ ಮೇಲೆ ಕೂತಿದ್ದೆ.

ಅದೇ 1959ರಲ್ಲಿ ಬರ್ನಾರ್ಡ್ ಕೋನ್ ಎಂಬ ವಿದ್ವಾಂಸರು ಉತ್ತರಪ್ರದೇಶದ ಹಳ್ಳಿಯನ್ನು ನೋಡಿ ಬರೆದ ಲೇಖನದಲ್ಲಿ ಕೋರ್ಟಿಗೂ ಹಳ್ಳಿಗೂ ಇರುವ ಹೊಂದಾಣಿಕೆಯ ಕೊರತೆಯನ್ನು ಬಿಡಿಸಿ ಹೇಳಿದರು. ಕೋರ್ಟಿಗೆ ಮುಂದಿರುವ ಒಂದು ದಾವೆ ಮಾತ್ರ ಕಾಣುತ್ತದೆ. ಒಬ್ಬ ಗೆಲ್ಲಬೇಕು, ಒಬ್ಬ ಸೋಲಬೇಕು. ವಾದಿ ಪ್ರತಿವಾದಿ ಇಬ್ಬರೂ ಸಮಾನರು. ಹಳ್ಳಿಯಲ್ಲಿ ಒಂದು ಜಗಳದ ಹೊಟ್ಟೆಯಲ್ಲಿ ಹತ್ತು ಜಗಳ ಇರುತ್ತವೆ. ಯಾರೂ ಪೂರ್ತಿ ಗೆಲ್ಲುವಂತಿಲ್ಲ, ನಾಳೆ ಒಂದೇ ಬಾವಿಯ ನೀರು ಕುಡಿಯಬೇಕು. ಮತ್ತು ಯಾರೂ ಸಮಾನರಲ್ಲ. ಕೊನೆಯ ಮಾತನ್ನು ಮರೆತು ಹಳ್ಳಿಯ ನ್ಯಾಯವನ್ನು ಹೊಗಳುವವರ ಜೊತೆ ನಾನಿಲ್ಲ. ದೈವ ಕೂಡಿದಾಗ ಕಟ್ಟೆಯ ಮೇಲೆ ಕೂಡುವವರು ಯಾರು, ಕೆಳಗೆ ನಿಲ್ಲುವವರು ಯಾರು ಎಂದು ನೋಡಿದವರಿಗೆ ಹೆಚ್ಚು ಹೇಳಬೇಕಾಗಿಲ್ಲ. ‘ಊರಿಗೆ ಹೊಂದಿಕೊಂಡ ಹೋಗ’ ಎಂಬ ಬುದ್ಧಿಮಾತು ಯಾವಾಗಲೂ ಕೆಳಗೆ ನಿಂತವರ ಕಡೆಗೇ ಹೋಗುತ್ತದೆ.

ದೂರದ ಒಂದು ನಾಡಿನ ಸುದ್ದಿ ಹೇಳುತ್ತೇನೆ, ಅದರಿಂದ ನಮ್ಮದು ಇನ್ನೂ ಸ್ಪಷ್ಟವಾಗುತ್ತದೆ. ಥಾಯ್ಲೆಂಡಿನ ಚಿಯಾಂಗ್ ಮಾಯ್ ಪ್ರಾಂತದ ಕೋರ್ಟನ್ನೂ ಸುತ್ತಲ ಹಳ್ಳಿಗಳನ್ನೂ ಡೇವಿಡ್ ಎಂಗೆಲ್ ದಶಕಗಳ ಕಾಲ ನೋಡಿದರು. 1978ರಲ್ಲಿ ಒಂದು ಪುಸ್ತಕ ಬಂತು, 2010ರಲ್ಲಿ ಹೆಂಡತಿ ಜಾರುವಾನ್ ಅವರ ಜೊತೆ ಬರೆದ ಇನ್ನೊಂದು. ಥಾಯ್ ಜನ ‘ಖ್ವಾನ್’ ಎಂಬುದನ್ನು ನಂಬುತ್ತಾರೆ: ಮೈಯೊಳಗಿನ ಜೀವಚೈತನ್ಯ. ಪೆಟ್ಟು ಬಿದ್ದರೆ, ಹೆದರಿದರೆ ಅದು ಮೈಬಿಟ್ಟು ಹೋಗುತ್ತದೆ. ಶಾಸ್ತ್ರ ಮಾಡಿ ಕರೆಯಬೇಕು. ಪೆಟ್ಟು ಕೊಟ್ಟವನು ಆ ಶಾಸ್ತ್ರದ ಖರ್ಚು ಕೊಡಬೇಕು. ಇವತ್ತಿಗೂ ಥಾಯ್ ಭಾಷೆಯಲ್ಲಿ ಪರಿಹಾರದ ಹಣಕ್ಕೆ ‘ಖಾ ಥಂ ಖ್ವಾನ್’ ಎನ್ನುತ್ತಾರೆ, ಖ್ವಾನ್ ಕರೆಸುವ ಖರ್ಚು ಎಂದು. ಅದನ್ನು ಓದಿದ ದಿನ ನನಗೆ ನಮ್ಮ ‘ತಪ್ಪುಗಾಣಿಕೆ’ ನೆನಪಾಯಿತು. ತಪ್ಪು ಮಾಡಿದವನು ದೇವರಿಗೆ ಎಣ್ಣೆ, ಕಾಯಿ, ಇಷ್ಟು ರೂಪಾಯಿ ಎಂದು ಕೊಡುವುದು. ದುಡ್ಡು ಎದುರಾಳಿಯ ಕಿಸೆಗೆ ಹೋಗುವುದಿಲ್ಲ, ಗುಡಿಗೆ ಹೋಗುತ್ತದೆ. ಕೊಟ್ಟವನ ಮಾನವೂ ಉಳಿಯುತ್ತದೆ. ಥಾಯ್ ಪದ್ಧತಿಯಲ್ಲಿ ಪೆಟ್ಟು ತಿಂದವನ ಮೈ ಮುಖ್ಯ, ನಮ್ಮದರಲ್ಲಿ ಊರ ಮುಖ ಮುಖ್ಯ. ಈ ವ್ಯತ್ಯಾಸ ಸಣ್ಣದಲ್ಲ. ನಮ್ಮ ಪದ್ಧತಿಯಲ್ಲಿ ಪೆಟ್ಟು ತಿಂದವನು ಎಷ್ಟೋ ಸಲ ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ.

ಎಂಗೆಲ್ ದಂಪತಿ ಕಂಡ ಇನ್ನೊಂದು ಸಂಗತಿ ನಾನು ನಿರೀಕ್ಷಿಸಿರಲಿಲ್ಲ. ಹಳ್ಳಿಯ ಪದ್ಧತಿ ಸಡಿಲಾದರೆ ಜನ ಕೋರ್ಟಿಗೆ ಹೋಗುತ್ತಾರೆ ಎಂದು ನಾವೆಲ್ಲ ತಿಳಿದಿದ್ದೇವೆ. ಚಿಯಾಂಗ್ ಮಾಯ್‌ನಲ್ಲಿ ಹಾಗಾಗಲಿಲ್ಲ. ರಸ್ತೆ ಬಂತು, ಕಾರ್ಖಾನೆ ಬಂತು, ಪೆಟ್ಟುಗಳು ಊರಿನಿಂದ ದೂರ, ಅಪರಿಚಿತರಿಂದ ಆಗತೊಡಗಿದವು. ಊರ ದೇವತೆಯ ಅಧಿಕಾರ ಅಲ್ಲಿಗೆ ಮುಟ್ಟುವುದಿಲ್ಲ. ಕೋರ್ಟಿಗೂ ಜನ ಹೋಗಲಿಲ್ಲ. ಆಗುವ ಪೆಟ್ಟುಗಳಿಗೆ ಹೋಲಿಸಿದರೆ ದಾವೆಗಳು ಕಡಿಮೆಯೇ ಆದವು. ‘ನನ್ನ ಕರ್ಮ’ ಎಂದು ಸುಮ್ಮನಾದರು. ಎರಡು ಬಾಗಿಲೂ ಮುಚ್ಚಿದ ಮೇಲೆ ಉಳಿದ ಮೌನ ಅದು. ‘ಹಣೇಬರ’ ಎಂಬ ನಮ್ಮ ಮಾತು ಎಷ್ಟು ಸಲ ಅದೇ ಮೌನದ ಹೆಸರಾಗಿದೆ ಎಂದು ಅಂದಿನಿಂದ ಎಣಿಸುತ್ತಿದ್ದೇನೆ.

ಆ ಮೌನ ಎಲ್ಲಕ್ಕಿಂತ ಹೆಚ್ಚು ಹೆಣ್ಣುಮಕ್ಕಳದ್ದು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಮಗಳಿಗೆ ಪಿತ್ರಾರ್ಜಿತದಲ್ಲಿ ಮಗನ ಸಮ ಪಾಲು ಕೊಟ್ಟಿತು, ಆದರೆ ಅದಕ್ಕೂ ಮೊದಲು ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಬೇಲಿ ತೆಗೆಯಿತು. 2020ರಲ್ಲಿ ಸುಪ್ರೀಂ ಕೋರ್ಟು ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು ಸ್ಪಷ್ಟ ಮಾಡಿತು. ಕಾನೂನು ಇಷ್ಟು ದೂರ ಬಂದಿದೆ. ಊರಲ್ಲಿ ನಡೆಯುವುದು ಇನ್ನೊಂದು. ಪಂಚಮಿಗೆ ತವರಿಗೆ ಬಂದ ಅಕ್ಕತಂಗಿಯರ ಮುಂದೆ ಹಕ್ಕುಬಿಟ್ಟ ಪತ್ರ ಬರುತ್ತದೆ. ಸೀರೆ ಉಡಿ ತುಂಬಿ ಸಹಿ ಹಾಕಿಸುತ್ತಾರೆ. ಕೇಳಿದರೆ ‘ತವರ ಮನಿ ಬಾಗಲಾ ತೆರದಿರಬೇಕಲ್ರೀ’ ಎನ್ನುತ್ತಾರೆ. ಆ ಒಂದು ಸಾಲು ಯಾವ ಪತ್ರದಲ್ಲೂ ಇಲ್ಲ. ಪತ್ರದಲ್ಲಿ ಇರುವುದು ‘ಸ್ವಸಂತೋಷದಿಂದ’ ಎಂಬ ಮಾತು.

ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಬಂದರೆ ಈ ಹಕ್ಕಿನ ಪ್ರಶ್ನೆ ಇನ್ನೂ ಗಂಟಾಗುತ್ತದೆ. ಮುತ್ತು ಕಟ್ಟುವುದನ್ನು, ಅಂದರೆ ಹುಡುಗಿಯರನ್ನು ದೇವಿಗೆ ಮದುವೆ ಮಾಡಿ ಬಿಡುವುದನ್ನು, ತಡೆಯಲು 1934ರಲ್ಲಿ ಮುಂಬಯಿ ಇಲಾಖೆಯ ಕಾಯ್ದೆ ಬಂತು, 1982ರಲ್ಲಿ ಕರ್ನಾಟಕದ ಕಾಯ್ದೆ. ಬರಲೇಬೇಕಾದ ಕಾಯ್ದೆಗಳು, ಬಡ ದಲಿತ ಮನೆಗಳ ಹುಡುಗಿಯರ ಮೇಲೆ ನಡೆದದ್ದನ್ನು ಯಾವ ರೂಢಿಯ ಹೆಸರಿನಲ್ಲಿಯೂ ಸಮರ್ಥಿಸಲು ಬರುವುದಿಲ್ಲ. ಆದರೆ ಲುಸಿಂಡಾ ರ‍್ಯಾಂಬರ್ಗ್ ಎಂಬ ಮಾನವಶಾಸ್ತ್ರಜ್ಞೆ ಉತ್ತರ ಕರ್ನಾಟಕದ ಜೋಗತಿಯರ ಜೊತೆ ಇದ್ದು 2014ರಲ್ಲಿ ಪ್ರಕಟಿಸಿದ ‘ಗಿವನ್ ಟು ದಿ ಗಾಡೆಸ್’ ಪುಸ್ತಕ ಕಾಯ್ದೆಯ ಕಣ್ಣಿಗೆ ಬೀಳದ ಒಂದು ಸಂಗತಿಯನ್ನು ತೋರಿಸಿತು. ಮುತ್ತು ಕಟ್ಟಿದ ಮಗಳು ತವರಿನಲ್ಲೇ ಉಳಿಯುತ್ತಾಳೆ, ಮನೆಗೆ ಮಗನ ಹಾಗೆ ದುಡಿಯುತ್ತಾಳೆ, ಮಗನ ಹಾಗೆ ಪಾಲಿಗೆ ಬರುತ್ತಾಳೆ. ದೇವಿಯೊಡನೆ ಆದ ಆ ಮದುವೆಯನ್ನೇ ಕಾಯ್ದೆ ಇಲ್ಲವೆಂದ ಮೇಲೆ, ಅವಳು ಮಗಳೋ ಮಗನೋ ಹೆಂಡತಿಯೋ ಎಂಬ ಪ್ರಶ್ನೆ ಮನೆಯೊಳಗೆ ತೆರೆದುಕೊಂಡಿತು.

ಒಂದು ಭಾರತ ಹುಣ್ಣಿಮೆಯಲ್ಲಿ ಗುಡ್ಡದ ಮೇಲೆ, ಪಡ್ಡಲಗಿ ತುಂಬಿಸುವ ಗದ್ದಲದ ನಡುವೆ, ವಯಸ್ಸಾದ ಒಬ್ಬ ತಾಯಿಯ ಪಕ್ಕದಲ್ಲಿ ಕೂತಿದ್ದೆ. ಹಣೆಯ ತುಂಬ ಭಂಡಾರ, ಮಡಿಲಲ್ಲಿ ಚೌಡಿಕೆ. ನಾನು ಉತಾರದ ವಿಷಯ ತೆಗೆದೆ. ಅವರು ಹೇಳಿದ್ದನ್ನು ಹಾಗೆಯೇ ಬರೆದುಕೊಂಡೆ: ‘ಅಪ್ಪ ಇರೂತನಾ ನಾನ ಗಂಡಮಗಾ. ಅಪ್ಪ ಹೋದ ಮೂರನೇ ವರ್ಷ ತಮ್ಮ ಉತಾರ ತಗಸಿ ತೋರಿಸಿದ. ನನ್ನ ಹೆಸರು ಇರಲಿಲ್ಲ. ದೈವದ ಮುಂದ ಭಂಡಾರ ಮುಟ್ಟಿ ಹೇಳಂದ್ರು. ಮುಟ್ಟೀನಿ. ತಮ್ಮನೂ ಮುಟ್ಟಿದ.’ ಆಮೇಲೆ ಏನಾಯಿತು ಎಂದು ಕೇಳಿದೆ. ‘ಇಬ್ಬರೂ ಮುಟ್ಟಿದ ಮ್ಯಾಲ ದೈವ ಎದ್ದ ಹೋತು’ ಎಂದರು. ಆಣೆಯ ಮುಂದೆ ಆಣೆ ಬಂದರೆ ದೈವಕ್ಕೆ ದಾರಿ ಇಲ್ಲ. ಆ ತಾಯಿ ಕೋರ್ಟಿಗೆ ಹೋಗಲಿಲ್ಲ. ಏಕೆಂದು ನಾನು ಮತ್ತೆ ಕೇಳಲಿಲ್ಲ. ಅವರು ಚೌಡಿಕೆಯ ತಂತಿ ಬಿಗಿ ಮಾಡತೊಡಗಿದ್ದರು.

ಬೈಲಹೊಂಗಲದಲ್ಲಿ, ಸವದತ್ತಿಯಲ್ಲಿ, ರಾಮದುರ್ಗದಲ್ಲಿ ಓದುತ್ತಿರುವ ಹುಡುಗ ಹುಡುಗಿಯರಿಗೆ ಒಂದು ಬೇಡಿಕೆ. ನಿಮ್ಮ ಮನೆಯ ಟ್ರಂಕಿನಲ್ಲಿ ವಾಟ್ನಿ ಪತ್ರ, ಹಳೆಯ ಉತಾರ, ಕುಳ ಕಾಯ್ದೆಯ ಕಾಗದ, 1974ರ ಭೂಸುಧಾರಣೆಯಲ್ಲಿ ಟ್ರಿಬ್ಯೂನಲ್‌ಗೆ ಕೊಟ್ಟ ಏಳನೇ ನಮೂನೆಯ ಅರ್ಜಿಯ ನಕಲು ಇರಬಹುದು. ಅವುಗಳನ್ನು ಓದಿ. ಆಮೇಲೆ ಮನೆಯ ಅಜ್ಜಿಯನ್ನು ಕೇಳಿ, ಈ ಕಾಗದ ಬರೆದ ದಿನ ಯಾರು ಅತ್ತರು ಎಂದು. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ, ತಿದ್ದದೆ, ತೇದಿ ಹಾಕಿ ಬರೆಯಿರಿ. ಗೆದ್ದವರ ಮನೆಗೆ ಹೋದರೆ ಸೋತವರ ಮನೆಗೂ ಹೋಗಿ. ಕಟ್ಟೆಯ ಮೇಲೆ ಕೂತರೆ ಒಮ್ಮೆ ಇಳಿದು ಗೋಡೆಯ ಆಚೆಯೂ ನಿಲ್ಲಿ. ನಾನು ನಿಲ್ಲಲಿಲ್ಲ. ಆ ಖಾಲಿ ಜಾಗ ತುಂಬಿಸಲು ಇನ್ನು ಆಗದು. ಗೋಡೆಯ ಆಚೆ ದನಿ ಎತ್ತಿದ ಆ ತಾಯಿ ಈಗಿಲ್ಲ.

ಇನ್ನು ಒಡ್ಡಿನ ಕಥೆ ಮುಗಿಸಬೇಕು. ದೈವ ಮೂರು ಸಲ ಕೂಡಿತು, ಬಗೆಹರಿಯಲಿಲ್ಲ. ಹಿರಿಯವನು ದಾವೆ ಹಾಕಿದ. ಮುದ್ದತ್ತಿನ ಮೇಲೆ ಮುದ್ದತ್ತು. ಬಸ್ಸಿನ ಖರ್ಚು, ವಕೀಲರ ಫೀಸು, ಎರಡೂ ಮನೆಯಲ್ಲಿ ಬಿತ್ತನೆಯ ದಿನ ತಪ್ಪಿದ ಹೊಲ. ಕೊನೆಗೆ ಟಿಪ್ಪಣಿ ತೆಗೆಸಿ ಅಳೆಸಿದರು. ಸರ್ವೇದವರು ಬಂದು ಬಾಂದಗಲ್ಲಿನಿಂದ ಬಾಂದಗಲ್ಲಿಗೆ ಹಿಡಿದಾಗ, ಹಳೆಯ ಒಡ್ಡು ಇದ್ದದ್ದೇ ತಪ್ಪು ಜಾಗದಲ್ಲಿ ಎಂದು ತಿಳಿಯಿತು. ಎರಡೂವರೆ ಗುಂಟೆ, ಬನ್ನಿಗಿಡ ಸಮೇತ, ಕಿರಿಯವನದ್ದು. ಅವರಪ್ಪಂದಿರು ಅರವತ್ತು ವರ್ಷ ತಪ್ಪು ಒಡ್ಡನ್ನು ನಂಬಿಕೊಂಡು ಒಮ್ಮೆಯೂ ಜಗಳಾಡದೆ ಬಾಳಿದ್ದರು. ಹಿರಿಯವನು ರಾಜಿಗೆ ಸಹಿ ಹಾಕಿದ.

ಸಹಿಯ ಮರುದಿನ ಅವನ ಮನೆಗೆ ಹೋದೆ. ಕಟ್ಟೆಗೆ ಒರಗಿ ಕೂತಿದ್ದ. ತಾನೇ ಮಾತು ತೆಗೆದ: ‘ಎರಡೂವರಿ ಗುಂಟೆ ಹೋತಂತ ನನಗ ಸಂಕಟಿಲ್ರಿ. ಅದು ಅವಂದಾ ಇತ್ತು ಅಂದ್ರ ಅವಂದ. ಆ ಬನ್ನಿಗಿಡ ನಮ್ಮಪ್ಪ ಹಚ್ಚಿದ್ದು. ಅದರ ನೆಳ್ಳಾಗ ಕುಂತು ಬುತ್ತಿ ಉಣ್ಣಾಕ ಇನ್ನ ಯಾರ್ನ ಕೇಳ್ಲಿ?’ ರಾಜಿಪತ್ರದಲ್ಲಿ ಗಿಡದ ಉಲ್ಲೇಖ ಇಲ್ಲ. ಟಿಪ್ಪಣಿಯಲ್ಲೂ ಇಲ್ಲ.

ಆ ವರ್ಷದ ಎಳ್ಳಮಾಸಿಗೆ ನಾನು ಮತ್ತೆ ಆ ಹೊಲಕ್ಕೆ ಹೋಗಿದ್ದೆ. ಜೋಳ ಎದೆಯೆತ್ತರ ನಿಂತಿತ್ತು. ಕಿರಿಯವನ ಹೆಂಡತಿ ಬೆಳಗ್ಗೆಯೇ ಬಂದು ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು, ಸುಣ್ಣ ಹಚ್ಚಿ, ಪಾಂಡವರ ಪೂಜೆ ಮಾಡಿ, ಚರಗ ಚೆಲ್ಲಿ ಹೋಗಿದ್ದಳು. ಮಧ್ಯಾಹ್ನ ಹಿರಿಯವನ ಹೆಂಡತಿ ಬುತ್ತಿ ಹೊತ್ತು ಬಂದಳು. ಹೊಸ ಒಡ್ಡಿನ ಮೇಲೆ ಒಂದು ಕ್ಷಣ ನಿಂತಳು, ದಾಟಿದಳು. ಸೆರಗಿನಿಂದ ಐದು ಕಲ್ಲು ತೆಗೆದು ಆ ಐದರ ಪಕ್ಕದಲ್ಲೇ ಇಟ್ಟಳು. ನಾನು ಸಂಜೆ ಹೊರಡುವಾಗ ಗಿಡದ ಬುಡದಲ್ಲಿ ಸುಣ್ಣ ಹಚ್ಚಿದ ಹತ್ತು ಕಲ್ಲುಗಳಿದ್ದವು.